ಕುದುರೆ ಬೆನ್ನ ಮೇಲಿಂದ ಕಂಡ ತುಮಕೂರು ಸೀಮೆ

ತುಮಕೂರು ಜಿಲ್ಲೆಯ ಅಡುಗೆ ಮನೆಗಳಲ್ಲಿ ಹುರುಳಿಗೆ ಗೌರವದ ಸ್ಥಾನವಿದೆ. ಹುರುಳಿ ಕಟ್ಟಿನ ಸಾರು, ಮೊಳಕೆ ಕಾಳಿನ ಬಸ್ಸಾರು, ಅದಕ್ಕೊಂದು ರಾಗಿ ಮುದ್ದೆ. ಮಳೆ ಕೈಕೊಟ್ಟ ವರ್ಷವೂ ಕೆಮ್ಮಣ್ಣಿನ ಹೊಲದಲ್ಲಿ ನಾಲ್ಕು ಕಾಳು ಕೊಟ್ಟೇ ಕೊಡುವ ಬೆಳೆ ಇದು. ಇದೇ ಹುರುಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಹಾರ್ಸ್ ಗ್ರಾಮ್’. ಅಂದರೆ ಕುದುರೆ ಕಾಳು. ಹೆಸರಿಟ್ಟವರು ಹುರುಳಿಯನ್ನು ಅಡುಗೆ ಮನೆಯಲ್ಲಿ ಕಂಡವರಲ್ಲ, ಲಾಯದಲ್ಲಿ ಕಂಡವರು ಎಂಬುದು ಇದರಿಂದಲೇ ಸ್ಪಷ್ಟ. ಸಂಜೆ ಹೊತ್ತು ದೊಡ್ಡ ಹಂಡೆಯಲ್ಲಿ ಬೆಂದು, ಆರಿ, ಕುದುರೆಯ ಬಾಯಿಗೆ ಹೋಗುತ್ತಿದ್ದ ಹುರುಳಿ ಅವರಿಗೆ ಪರಿಚಿತವಾಗಿತ್ತು. ಅದನ್ನು ಬೆಳೆದವನ ತಟ್ಟೆಗೆ ಏನು ಹೋಗುತ್ತಿತ್ತು ಎಂಬುದು ಅಷ್ಟಾಗಿ ಪರಿಚಿತವಿರಲಿಲ್ಲ.

ಈಗ ಕುದುರೆ ಸವಾರಿ ಎಂದರೆ ರಜೆಯ ಮೋಜು. ಊಟಿಗೋ ಕೊಡೈಕನಾಲಿಗೋ ಹೋದವರು ಮಕ್ಕಳನ್ನು ಕುದುರೆ ಮೇಲೆ ಕೂರಿಸಿ, ಕೆರೆಯ ಸುತ್ತ ಒಂದು ಸುತ್ತು ಹಾಕಿಸಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಬೆಂಗಳೂರಿನ ಹೊರವಲಯದ ರೈಡಿಂಗ್ ಶಾಲೆಗಳಲ್ಲಿ ಶುಲ್ಕ ಕೊಟ್ಟು ಸವಾರಿ ಕಲಿಯುವವರಿದ್ದಾರೆ. ಸಮುದ್ರ ದಂಡೆಯ ಮೇಲೆ, ಕಾಫಿ ತೋಟಗಳ ನಡುವೆ ಕುದುರೆ ಏರಿ ನಿಸರ್ಗ ನೋಡುವುದು ಉಷ್ಣವಲಯದ ದೇಶಗಳ ಪ್ರವಾಸೋದ್ಯಮದಲ್ಲಿ ಒಂದು ದೊಡ್ಡ ಆಕರ್ಷಣೆ. ಆದರೆ ಉಷ್ಣವಲಯಕ್ಕೂ ಕುದುರೆಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಈ ಪ್ರಾಣಿಯನ್ನು ಇಲ್ಲಿ ಬದುಕಿಸಲು, ಬೆಳೆಸಲು ಅರಸರು ಬೊಕ್ಕಸ ಬರಿದು ಮಾಡಿಕೊಂಡಿದ್ದಾರೆ. ಆ ಪ್ರಯತ್ನದ ಒಂದು ದೊಡ್ಡ ಕುರುಹು ಕುಣಿಗಲ್ ಪಟ್ಟಣದ ಅಂಚಿನಲ್ಲಿದೆ. ಆ ಕುರುಹಿನ ಭವಿಷ್ಯ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ.

ರೈಲು, ಮೋಟಾರು ಬರುವ ಮುನ್ನ ಈ ಸೀಮೆಯನ್ನು ನೋಡಲು ಇದ್ದ ದಾರಿ ಮೂರೇ: ನಡಿಗೆ, ಎತ್ತಿನ ಗಾಡಿ, ಇಲ್ಲವೇ ಕುದುರೆ. ಸ್ಥಿತಿವಂತರಿಗೆ ಪಲ್ಲಕ್ಕಿಯೂ ಇತ್ತೆನ್ನಿ. ಹೆಜ್ಜೆ ಹಾಕುವ ಕುದುರೆ ಗಂಟೆಗೆ ಆರೇಳು ಕಿಲೋಮೀಟರ್ ಹೋಗುತ್ತದೆ, ದುಡುಕಿ ಓಡಿದರೆ ಅದರ ಎರಡರಷ್ಟು. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮುನ್ನ ಗುಬ್ಬಿಯ ಪೇಟೆ. ಬೆಂಗಳೂರಿಗಾದರೆ 70 ಕಿ.ಮೀ., ಒಂದೇ ಕುದುರೆಯಲ್ಲಿ ಎರಡು ದಿನದ ದಾರಿ. ನಡುನಡುವೆ ಬದಲಿ ಕುದುರೆ ಕಟ್ಟಿಸಿದ್ದರೆ ಮಾತ್ರ ಒಂದೇ ದಿನ. ಹಳೆಯ ಹೆದ್ದಾರಿಗಳ ಬದಿಯ ಮುಸಾಫರಖಾನೆಗಳು, ಪ್ರವಾಸಿ ಬಂಗಲೆಗಳು ಹತ್ತು ಹನ್ನೆರಡು ಮೈಲಿಗೊಂದರಂತೆ ಇರುವುದರ ಗುಟ್ಟು ಇದೇ. ಅದು ಒಂದು ಮಜಲು. ಕುದುರೆಯ ಮತ್ತು ಅದರ ಹಿಂದೆ ನಡೆದು ಬರುವ ಆಳುಗಳ ಕಾಲಿನ ಶಕ್ತಿಯೇ ನಕ್ಷೆಯ ಅಳತೆಗೋಲು.

ಮಜಲು ಮಜಲಾಗಿ ಈ ನಾಡನ್ನು ನೋಡಿ ಬರೆದವರಲ್ಲಿ ಮೊದಲಿಗನೆಂದರೆ ಡಾ. ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಆತ ಮದರಾಸಿನಿಂದ ಹೊರಟ. ಮಧುಗಿರಿ, ಸಿರಾ, ಚಿಕ್ಕನಾಯಕನಹಳ್ಳಿ, ಗುಬ್ಬಿ ಎಲ್ಲ ಕಡೆ ತಂಗಿದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ನಿಸರ್ಗದ ಸೊಬಗನ್ನು ವರ್ಣಿಸುವುದಕ್ಕಿಂತ ಅವನ ಕಣ್ಣು ಹೊಲದ ಮಣ್ಣಿನ ಬಣ್ಣ, ಬಿತ್ತನೆಯ ಕಾಲ, ಕಂದಾಯದ ಲೆಕ್ಕ, ಸಂತೆಯ ಸರಕು ಇವುಗಳ ಮೇಲೆಯೇ ನೆಟ್ಟಿದೆ. ಹುರುಳಿಯನ್ನು ಯಾವ ಮಣ್ಣಿಗೆ, ಯಾವ ತಿಂಗಳು ಬಿತ್ತುತ್ತಾರೆ ಎಂಬುದನ್ನು ಅವನು ಬಿಡದೆ ಬರೆದುಕೊಂಡಿದ್ದಾನೆ. ಗೆದ್ದ ಸೀಮೆಯಿಂದ ಏನು ಸಿಕ್ಕೀತು ಎಂದು ನೋಡಲು ಬಂದವನು ತಾನೆ! ಗುಬ್ಬಿ ಆಗ ದೊಡ್ಡ ವ್ಯಾಪಾರದ ಊರು. ಮಲೆನಾಡಿನ ಅಡಕೆ ಇಲ್ಲಿಗೆ ಬಂದು ಆರ್ಕಾಟಿನ ಕಡೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಅಡಕೆ, ಕೊಬ್ಬರಿ, ಬಟ್ಟೆಯನ್ನು ಹೊತ್ತು ತರುತ್ತಿದ್ದುದು ಎತ್ತುಗಳು. ಕುದುರೆ ಸರಕು ಹೊರುವ ಪ್ರಾಣಿಯಾಗಿ ಇಲ್ಲಿ ಎಂದೂ ನೆಲೆ ನಿಲ್ಲಲಿಲ್ಲ. ಅದು ಅಧಿಕಾರವನ್ನು ಹೊರುತ್ತಿತ್ತು.

ಆ ಅಧಿಕಾರ ಹಳ್ಳಿಗೆ ಬರುತ್ತಿದ್ದುದು ಹೀಗೆ. ಜಮಾಬಂದಿಯ ಕಾಲಕ್ಕೆ ಅಮಲ್ದಾರರು ಕುದುರೆ ಏರಿ ಬರುತ್ತಿದ್ದರು. ಕುದುರೆಯ ಗೊರಸಿನ ಸದ್ದು ಕೇಳಿದರೆ ಶಾನುಭೋಗರು ಕಡತ ಬಿಚ್ಚಬೇಕು, ಪಟೇಲರು ಹುಲ್ಲು, ಹುರುಳಿ ಹೊಂದಿಸಬೇಕು. ಬ್ರಿಟಿಷ್ ಅಧಿಕಾರಿಯಾದರೆ ಡೇರೆ ಸಾಮಾನು ಹಿಂದಿನ ರಾತ್ರಿಯೇ ಗಾಡಿಯಲ್ಲಿ ಮುಂದಿನ ಬೀಡಿಗೆ ಹೋಗಿರುತ್ತಿತ್ತು. ಒಂದು ಕುದುರೆಗೆ ಒಬ್ಬ ಸಾಯಿಸ, ಜೊತೆಗೆ ಹುಲ್ಲು ತರಲು ಇನ್ನೊಬ್ಬರು. ಬಹಳ ಮಟ್ಟಿಗೆ ಇದು ಸಾಯಿಸನ ಹೆಂಡತಿಯ ಕೆಲಸ. ಊರ ಹೊರಗೆ, ಕೆರೆ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗರಿಕೆಯನ್ನು ಬೇರುಸಮೇತ ಹೆರೆದು, ತೊಳೆದು, ಹೊರೆ ಕಟ್ಟಿ ತರಬೇಕು. ದೊರೆ ಮಾಡುತ್ತಿದ್ದ ಸವಾರಿಯ ಲೆಕ್ಕ ದಿನಚರಿಗಳಲ್ಲಿ ಸಿಗುತ್ತದೆ. ಅದೇ ದೂರವನ್ನು ಕುದುರೆಯ ಹಿಂದೆ ನಡೆದು, ತಲುಪಿದ ಮೇಲೆ ಮತ್ತೆ ಹುಲ್ಲಿಗೆ ಹೋಗುತ್ತಿದ್ದವಳ ಹೆಸರು ಎಲ್ಲೂ ಇಲ್ಲ. ಹುರುಳಿ ತಿನ್ನಿಸುವಾಗ ಯಜಮಾನ ಎದುರಿಗೇ ನಿಂತಿರಬೇಕು, ಇಲ್ಲವಾದರೆ ಸಾಯಿಸ ಕಾಳು ಕದಿಯುತ್ತಾನೆ ಎಂಬುದು ಅಂದಿನ ಇಂಗ್ಲಿಷರ ನಡುವೆ ಓಡಾಡುತ್ತಿದ್ದ ಉಪದೇಶ. ಕುದುರೆಯ ಹುರುಳಿಗೆ ಮನುಷ್ಯ ಯಾಕೆ ಕೈ ಹಾಕುತ್ತಾನೆ ಎಂಬ ಪ್ರಶ್ನೆ ಆ ಉಪದೇಶದಲ್ಲಿ ಬರುವುದಿಲ್ಲ.

ಬೆಂಗಳೂರು–ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಸಿಗುತ್ತದೆ. ಶಿವಗಂಗೆಗೆ ಹೋಗುವವರು ತಿರುಗುವ ಊರು. ಈ ಹೆಸರು ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬ ಅಧಿಕಾರಿಯಿಂದ ಬಂದದ್ದು. ಮೈಸೂರು ಸಂಸ್ಥಾನ ಕಮಿಷನರ್ ಆಡಳಿತದಲ್ಲಿದ್ದಾಗ, ತುಮಕೂರು ಸೀಮೆಯೂ ಸೇರಿದ್ದ ಚಿತ್ರದುರ್ಗ ವಿಭಾಗಕ್ಕೆ ಡಾಬ್ಸ್ ದೀರ್ಘಕಾಲ ಸೂಪರಿಂಟೆಂಡೆಂಟ್ ಆಗಿದ್ದ. ತನ್ನ ನೆನಪುಗಳನ್ನು 1882ರಲ್ಲಿ ಪುಸ್ತಕವಾಗಿಯೂ ತಂದ. ಅವನ ಮೇಲಧಿಕಾರಿ ಸರ್ ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಕಮಿಷನರ್. ಕಬ್ಬನ್‌ಗೆ ಅರಬ್ಬೀ ಕುದುರೆಗಳ ಹುಚ್ಚು ವಿಪರೀತ. ಹೆಂಡತಿ ಮಕ್ಕಳಿಲ್ಲದ ಈ ಮುದುಕ ಲಾಯದ ತುಂಬ ಕುದುರೆ ಸಾಕಿದ್ದ. ಬೆಂಗಳೂರಿನಿಂದ ತುಮಕೂರಿನ ಮೇಲೆ ಶಿವಮೊಗ್ಗಕ್ಕೆ ಹೋಗುವ ರಸ್ತೆ ಸುಧಾರಿಸಿದ್ದು ಅವನ ಕಾಲದಲ್ಲೇ. ಮರೊಚೆಟ್ಟಿ ಎಂಬ ಶಿಲ್ಪಿ ಮಾಡಿದ ಅವನ ಪ್ರತಿಮೆಯೂ ಕುದುರೆಯ ಮೇಲೆ ಕುಳಿತಂಥದೇ. ಅಠಾರಾ ಕಚೇರಿಯ ಮುಂದೆ ನೂರೈವತ್ತು ವರ್ಷ ನಿಂತಿದ್ದ ಆ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಸ್ಥಳಾಂತರಿಸಲಾಯಿತು.

ಬೇಸಿಗೆ ಬಂತೆಂದರೆ ತುಮಕೂರಿನ ಬಿಳಿಯ ಅಧಿಕಾರಿಗಳ ಮುಖ ದೇವರಾಯನದುರ್ಗದ ಕಡೆ. ತುಮಕೂರಿನಿಂದ ಸುಮಾರು 15 ಕಿ.ಮೀ., ಸಮುದ್ರ ಮಟ್ಟದಿಂದ 1,200 ಮೀಟರಿನಷ್ಟು ಎತ್ತರ. ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದುರ್ಗಕ್ಕೆ ಈ ಹೆಸರಾಯಿತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ಈ ಬೆಟ್ಟ ಸಾಲಿನಲ್ಲೇ. ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆನ್ನುವ ನಾಮದ ಚಿಲುಮೆ ದಾರಿಯಲ್ಲೇ ಸಿಗುತ್ತದೆ. ಭಕ್ತರು ನಡೆದು ಹತ್ತುತ್ತಿದ್ದ ಬೆಟ್ಟವನ್ನು ಅಧಿಕಾರಿಗಳು ಗಾಳಿ ಸೇವನೆಗೆಂದು ಕುದುರೆಯಲ್ಲಿ ಹತ್ತಿದರು, ಮೇಲೊಂದು ಬಂಗಲೆ ಕಟ್ಟಿಕೊಂಡರು. ಇಂದು ರಜೆಗೆಂದು ಕುದುರೆ ಏರುವ ಪ್ರವಾಸಿಯ ಪೂರ್ವಜನನ್ನು ಹುಡುಕುವುದಾದರೆ ಇಲ್ಲಿ ಹುಡುಕಬಹುದು. ಬೆಟ್ಟದ ಕಾಡಿನಲ್ಲಿ ಹುಲಿಯೂ ಇತ್ತು. ಕೆನೆತ್ ಆಂಡರ್ಸನ್ ತನ್ನ ಶಿಕಾರಿ ಕಥೆಗಳಲ್ಲಿ ದೇವರಾಯನದುರ್ಗದ ಹುಲಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಷ್ಟು ಹೊತ್ತಿಗೆ ಬೆಟ್ಟಕ್ಕೆ ಕುದುರೆಯ ಬದಲು ಕಾರು ಬರತೊಡಗಿತ್ತು.

ಸವಾರಿಯ ಕಾಲ ಮುಗಿಯಲು ಆರಂಭವಾದದ್ದು 1884ರಲ್ಲಿ. ಆ ವರ್ಷ ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯವರೆಗೆ ಮೀಟರ್ ಗೇಜ್ ರೈಲು ಬಂತು. ಗುಬ್ಬಿಯಿಂದ ಹರಿಹರಕ್ಕೆ ಹಳಿ ಮುಂದುವರಿದದ್ದು 1889ಕ್ಕೆ. ನಡುವಿನ ಐದು ವರ್ಷ ಗುಬ್ಬಿಯೇ ಕೊನೆಯ ನಿಲ್ದಾಣ. ಅಲ್ಲಿ ಇಳಿದವರು ಮುಂದಕ್ಕೆ ಗಾಡಿ ಕಟ್ಟಿಸಬೇಕು ಇಲ್ಲವೇ ಕುದುರೆ ಏರಬೇಕು. ಕುಣಿಗಲ್ ಮಾತ್ರ ಈ ಲೆಕ್ಕದಲ್ಲಿ ಹಿಂದೆ ಬಿತ್ತು. ಅಲ್ಲಿಗೆ ರೈಲು ಬಂದದ್ದು ನೆಲಮಂಗಲ–ಶ್ರವಣಬೆಳಗೊಳ ಮಾರ್ಗ ಪೂರ್ಣಗೊಂಡ 2017ರಲ್ಲಿ! ಗುಬ್ಬಿಗೂ ಕುಣಿಗಲಿಗೂ ನಡುವೆ 133 ವರ್ಷಗಳ ಅಂತರ. ರೈಲು ಬಂದ ಊರುಗಳಲ್ಲಿ ಕುದುರೆ ಸವಾರಿಯಿಂದ ಇಳಿದು ಜಟಕಾ ಗಾಡಿಗೆ ಕಟ್ಟಿಸಿಕೊಂಡಿತು. ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ಕಚೇರಿಗೆ. ಕುದುರೆಯ ಓಟ ಸಾಮಾನ್ಯರ ಕೈಗೆಟುಕಿದ್ದು ಆಗಲೇ, ಅದೂ ಬಾಡಿಗೆಗೆ. ಆಟೋ ರಿಕ್ಷಾ ಬಂದು ಆ ಜಟಕಾಗಳನ್ನೂ ಮೂಲೆಗೆ ತಳ್ಳಿತು.

ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ ಎಂಬುದು ಸ್ವಾರಸ್ಯದ ಕಾಕತಾಳೀಯ. ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದ ಈ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ ನಾಟಕವಾಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಜನ ಊರೂರುಗಳಿಂದ ಮುಗಿಬಿದ್ದು ನೋಡಿದರು. ಅದರಲ್ಲಿ ಆಶ್ಚರ್ಯವೇನಿಲ್ಲ. ಹಳ್ಳಿಯವರ ಪಾಲಿಗೆ ಕುದುರೆ ಎಂದರೆ ವೀರಗಲ್ಲಿನಲ್ಲಿ ಕೆತ್ತಿದ ಕುದುರೆ, ತೇರಿನ ಹಬ್ಬದ ಕುದುರೆ ವಾಹನ, ಇಲ್ಲವೇ ಬಿದಿರು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಯುವ ಕೀಲುಕುದುರೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಸೋಮಾರಿಯನ್ನು ಛೇಡಿಸಲು ಹುಟ್ಟಿದ್ದಿರಬಹುದು. ಆದರೆ ನಡೆದೇ ಸವೆದವರ ಆಸೆಯೂ ಅದರಲ್ಲಿಲ್ಲವೇ?

ರೈಲು ಬಂದ ಮೇಲೂ ಕುದುರೆಯನ್ನು ಬಿಡಲಾರದ ಗಿರಾಕಿ ಒಬ್ಬನಿದ್ದ. ಅದು ಸೈನ್ಯ. ಕುಣಿಗಲಿನ ಕಥೆ ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಕರಾವಳಿಗೆ ಬಂದ ಮಾರ್ಕೊ ಪೋಲೊ ಒಂದು ಸಂಗತಿ ಕಂಡು ಬೆರಗಾದ. ಇಲ್ಲಿನ ಅರಸರು ವರ್ಷ ವರ್ಷವೂ ಸಾವಿರಾರು ಕುದುರೆಗಳನ್ನು ಸಮುದ್ರದಾಚೆಯಿಂದ ಕೊಳ್ಳುತ್ತಾರೆ, ವರ್ಷ ಕಳೆಯುವುದರಲ್ಲಿ ಅವುಗಳಲ್ಲಿ ಬಹುಪಾಲು ಸತ್ತಿರುತ್ತವೆ. ಮೇವು ತಪ್ಪು, ಆರೈಕೆ ಬಲ್ಲವರಿಲ್ಲ ಎಂಬುದು ಅವನ ವಿವರಣೆ. ಎತ್ತರದ ಹೆಣ್ಣಿಗೆ ಎತ್ತರದ ಗಂಡನ್ನು ಕೂಡಿಸಿದರೂ ಹುಟ್ಟುವ ಮರಿ ಸಣ್ಣದು, ಕಾಲು ಸೊಟ್ಟ ಎಂದೂ ಬರೆದಿದ್ದಾನೆ. ವಿಜಯನಗರದ ಕಾಲಕ್ಕೆ ಈ ವ್ಯಾಪಾರ ಇನ್ನೂ ಬೆಳೆಯಿತು. ಹೊನ್ನಾವರ, ಭಟ್ಕಳ, ಆಮೇಲೆ ಗೋವೆಯ ಮೂಲಕ ಅರಬ್ಬೀ ಕುದುರೆಗಳು ಘಟ್ಟ ಹತ್ತಿದವು. ಸಾಳುವ ನರಸಿಂಹ ಕುದುರೆಗಳಿಗೆ ಎಷ್ಟು ಹಾತೊರೆಯುತ್ತಿದ್ದನೆಂದರೆ, ಹಡಗಿನಲ್ಲೇ ಸತ್ತವುಗಳ ಬಾಲ ತಂದು ತೋರಿಸಿದರೂ ಸಾಕು, ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುವ ಮಾತಿದು.

ಇದಕ್ಕೆ ಕಾರಣಗಳು ಇಂದು ಚೆನ್ನಾಗಿ ತಿಳಿದಿವೆ. ಕುದುರೆ ಮೂಲತಃ ತಂಪಾದ ಬಯಲು ಹುಲ್ಲುಗಾವಲಿನ ಪ್ರಾಣಿ. ಸೆಕೆ ಮತ್ತು ತೇವ ಎರಡೂ ಒಟ್ಟಿಗೆ ಇದ್ದಲ್ಲಿ ಬೆವರಿ ಸೊರಗುತ್ತದೆ. ಮರಿಯ ಮೂಳೆ ಗಟ್ಟಿಯಾಗಲು ಸುಣ್ಣದಂಶವಿರುವ ಒಳ್ಳೆಯ ಹುಲ್ಲು ಬೇಕು, ನೀರು ನಿಲ್ಲದ ನೆಲ ಬೇಕು, ಓಡಾಡಲು ಬಯಲು ಬೇಕು. ಇದರ ಮೇಲೆ ರೋಗಗಳು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ‘ಸರ್ರಾ’ ರೋಗ ದಂಡಿನ ಲಾಯಗಳನ್ನೇ ಖಾಲಿ ಮಾಡುತ್ತಿತ್ತು. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಪತ್ತೆ ಹಚ್ಚಿದ್ದು 1880ರಲ್ಲಿ, ಅದೂ ಅವಿಭಜಿತ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ಅಲ್ಲಿಯವರೆಗೆ ಕುದುರೆ ಸತ್ತರೆ ಗಾಳಿಯ ದೋಷ, ನೀರಿನ ದೋಷ.

ಇಷ್ಟೆಲ್ಲ ಅಡ್ಡಿಗಳ ನಡುವೆ ಕುದುರೆಯನ್ನು ಕೊಳ್ಳುವುದಲ್ಲ, ಇಲ್ಲೇ ಹುಟ್ಟಿಸಿ ಬೆಳೆಸಬೇಕು ಎನ್ನುವುದು ಧೈರ್ಯದ ಯೋಚನೆ. ಕುಣಿಗಲಿನಲ್ಲಿ ಈ ಕೆಲಸಕ್ಕೆ ನಾಂದಿ ಹಾಡಿದ ಕೀರ್ತಿ ಟಿಪ್ಪು ಸುಲ್ತಾನನಿಗೆ ಸಲ್ಲುತ್ತದೆ. ಇಂಗ್ಲಿಷರೊಡನೆ ಹೋರಾಡುತ್ತಿದ್ದ ಟಿಪ್ಪುವಿಗೆ ಸಮುದ್ರದ ದಾರಿಯ ಭರವಸೆ ಇರಲಿಲ್ಲ. ಕರಾವಳಿಯನ್ನು ಕಾಯುವ ನೌಕಾಬಲ ಶತ್ರುವಿನದು. ಸವಾರಪಡೆಗೆ ಕುದುರೆ ಬೇಕಾದರೆ ಒಳನಾಡಿನಲ್ಲೇ ಬೆಳೆಸಬೇಕಿತ್ತು. ಅವನ ಆಯ್ಕೆಯನ್ನು ನಕ್ಷೆಯ ಮೇಲಿಟ್ಟು ನೋಡಿದರೆ ತಲೆದೂಗಬೇಕೆನಿಸುತ್ತದೆ. ಸುಮಾರು 2,500 ಅಡಿ ಎತ್ತರ, ಕರಾವಳಿಯ ತೇವವಿಲ್ಲ, ಬಯಲುಸೀಮೆಯ ಉರಿಯೂ ಅತಿಯಾಗಿಲ್ಲ, ರಾತ್ರಿ ತಂಪು. ನೀರು ಬಸಿದು ಹೋಗುವ ಕೆಮ್ಮಣ್ಣು. ಜನಪದರ ಬಾಯಲ್ಲಿ ಹಾಡಾಗಿ ನಿಂತ ಕುಣಿಗಲ್ ದೊಡ್ಡಕೆರೆಯ ನೀರು ಪಕ್ಕದಲ್ಲೇ. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ದೂರವಿಲ್ಲ. ಸುತ್ತ ಹುರುಳಿ ಬೆಳೆಯುವ ಹಳ್ಳಿಗಳು. ಕುದುರೆ ಸಾಕಣೆಗೆ ಹೆಸರಾದ ಇನ್ನೊಂದು ಊರು ಪುಣೆ ಕೂಡ ಇದೇ ದಖ್ಖನ್ ಪ್ರಸ್ಥಭೂಮಿಯ ಮೇಲಿದೆ ಎಂಬುದನ್ನು ಗಮನಿಸಬೇಕು.

ಟಿಪ್ಪು 1799ರಲ್ಲಿ ಮಡಿದ. ಅವನು ಬೆಳೆಸಿದ ಕುದುರೆಗಳ ಅಗತ್ಯ ಮಾತ್ರ ಅವನ ವೈರಿಗಳಿಗೂ ಇತ್ತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿ ಸರ್ಕಾರದ ನೆರವಿಗಾಗಿ 4,000 ಸವಾರರ ಪಡೆಯನ್ನು ಸದಾ ಸಜ್ಜಾಗಿಡಬೇಕಾಯಿತು. ಇವರೇ ಸಿಲ್ಲೇದಾರರು. ಸಿಲ್ಲೇದಾರನೆಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ಸೇರಿದ ಸವಾರ. ಯುದ್ಧದಲ್ಲಿ ಕುದುರೆ ಸತ್ತರೆ ಅವನ ಜೀವನೋಪಾಯವೂ ಸತ್ತಂತೆ. 1817ರ ಮಹೀದ್‌ಪುರ ಯುದ್ಧದಲ್ಲಿ ಮರಾಠರ ವಿರುದ್ಧ ಈ ಪಡೆ ಕಾದಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕುಣಿಗಲ್ ಹೆಸರು ಸಂಸ್ಥಾನದ ಸವಾರಪಡೆಯ ಕುದುರೆಗಳೊಂದಿಗೆ ಸೇರಿಕೊಂಡಿತು.

ಅದೇ ಸಂಸ್ಥಾನ 1892ರಲ್ಲಿ ಹೊಸ ಮಾದರಿಯ ಲ್ಯಾನ್ಸರ್ಸ್ ಪಡೆ ಕಟ್ಟಿತು. ಮೈಸೂರು ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನ್‌ಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಎದುರಿಗಿದ್ದುದು ಮೆಷಿನ್ ಗನ್ ಮತ್ತು ಫಿರಂಗಿ, ಇವರ ಕೈಯಲ್ಲಿದ್ದುದು ಈಟಿ, ಕತ್ತಿ. ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳನ್ನು ಹಿಡಿದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರು ಸೇರಿತು. ಕುದುರೆಗಳ ದಂಡು ನುಗ್ಗಿ ಪಟ್ಟಣ ಗೆದ್ದ ಕೊನೆಯ ದೊಡ್ಡ ಪ್ರಸಂಗಗಳಲ್ಲಿ ಹೈಫಾ ಒಂದು. ಆಮೇಲೆ ಟ್ಯಾಂಕುಗಳ ಕಾಲ. ಸ್ವಾತಂತ್ರ್ಯದ ನಂತರ ಮೈಸೂರು ಲ್ಯಾನ್ಸರ್ಸ್‌ನ ಉಳಿದ ಭಾಗ ಭಾರತೀಯ ಸೇನೆಯ 61ನೇ ಅಶ್ವದಳದಲ್ಲಿ ಬೆರೆಯಿತು. ಇನ್ನು ಕೆಲವು ಕುದುರೆಗಳು ಮೈಸೂರಿನ ಅಶ್ವಾರೋಹಿ ಪೊಲೀಸ್ ದಳಕ್ಕೆ ಹೋದವು. ದಸರೆಯ ಜಂಬೂ ಸವಾರಿಯ ಮುಂದೆ ಹೆಜ್ಜೆ ಹಾಕುವುದು ಈ ದಳದ ಕುದುರೆಗಳೇ.

ಸೈನ್ಯ ಕೈಬಿಟ್ಟ ಕುದುರೆ ಫಾರಂಗಳು ಏನಾದವು? ನೆರೆಯ ಹೊಸೂರಿನದು ಒಂದು ಉದಾಹರಣೆ. ಅಲ್ಲಿನ ಮತ್ತಿಗಿರಿಯಲ್ಲಿ ಬ್ರಿಟಿಷರ ದೊಡ್ಡ ಕುದುರೆ ಡಿಪೋ ಇತ್ತು. ಸೇನೆ ಬಿಟ್ಟುಕೊಟ್ಟ ಮೇಲೆ ಅದು ದನಗಳ ಫಾರಂ ಆಯಿತು. ಕುಣಿಗಲಿನಲ್ಲಿ ಕುದುರೆ ಉಳಿಯಿತು, ಏಕೆಂದರೆ ಇನ್ನೊಬ್ಬ ಗಿರಾಕಿ ಸಿಕ್ಕಿದ್ದ. ಅದು ರೇಸು. ಮೈಸೂರಿನಲ್ಲಿ ರೇಸ್ ಕ್ಲಬ್ 1891ರಲ್ಲೇ ಆರಂಭವಾಗಿತ್ತು. ಬೆಂಗಳೂರಿನ ರೇಸುಗಳಿಗೆ ಇನ್ನೂ ಹಳೆಯ ಇತಿಹಾಸವಿದೆ. ಯುದ್ಧದ ಕುದುರೆಗೆ ತಾಳಿಕೆ ಬೇಕು, ರೇಸಿನ ಕುದುರೆಗೆ ವೇಗ. ಸ್ವಾತಂತ್ರ್ಯಾನಂತರ ಸರ್ಕಾರದ ಪಶುಸಂಗೋಪನೆಯ ಆಡಳಿತಕ್ಕೆ ಬಂದ ಫಾರಂ ‘ಥರೋಬ್ರೆಡ್’ ತಳಿಯತ್ತ ವಾಲಿತು. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ತಳಿಯ ಗಂಡು ವಂಶ ಹೊರಟಿರುವುದು ಪೂರ್ವದೇಶಗಳಿಂದ ಒಯ್ದ ಮೂರೇ ಮೂರು ಕುದುರೆಗಳಿಂದ. ಹೊನ್ನಾವರದ ಹಡಗುಕಟ್ಟೆಯಲ್ಲಿ ಇಳಿಯುತ್ತಿದ್ದ ಅರಬ್ಬಿಗಳ ದೂರದ ನೆಂಟರೇ ಇಂಗ್ಲೆಂಡನ್ನು ಸುತ್ತಿ ಕುಣಿಗಲ್ ಸೇರಿದಂತಾಯಿತು.

1992ರಲ್ಲಿ ಸರ್ಕಾರ ಫಾರಂ ಅನ್ನು 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಪಡೆದದ್ದು ವಿಜಯ್ ಮಲ್ಯ ಅವರ ಯುಬಿ ಸಮೂಹಕ್ಕೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆ. ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲಿ 1993ರ ಪ್ರಿನ್ಸ್ ಆಫ್ ವೇಲ್ಸ್ ಸ್ಟೇಕ್ಸ್ ಗೆದ್ದಿದ್ದ ಪ್ಲೇಸರ್‌ವಿಲ್ ಎಂಬ ಗಂಡು ಕುದುರೆ ಕುಣಿಗಲಿಗೆ ಬಂತು. ಅದರ ಮಕ್ಕಳು ದೇಶದ ರೇಸ್ ಕೋರ್ಸುಗಳಲ್ಲಿ ಹೆಸರು ಮಾಡಿದವು. ರೇಸಿನ ಜಗತ್ತಿಗೆ ತನ್ನದೇ ಕಟ್ಟಳೆಗಳಿವೆ. ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ನಿಷಿದ್ಧ. ಹಸುವಿನಂತೆ ವೀರ್ಯದ ನಳಿಕೆ ತರಿಸಿಕೊಳ್ಳಲು ಬರುವುದಿಲ್ಲ. ಗಂಡು ಹೆಣ್ಣು ಒಂದೇ ನೆಲದ ಮೇಲೆ ಇರಬೇಕು. ಆದ್ದರಿಂದ ಸ್ಟಡ್ ಫಾರಂ ಎಂದರೆ ಕುದುರೆಗಳ ಪಟ್ಟಿಯಲ್ಲ, ಮೊದಲಿಗೆ ಅದೊಂದು ನೆಲ.

ಈಗಿನ ತಕರಾರು ಇರುವುದೂ ಆ ನೆಲದ ಬಗ್ಗೆಯೇ. ಫಾರಂನ ವಿಸ್ತಾರ 400 ಎಕರೆಗೂ ಹೆಚ್ಚು. ಬೆಂಗಳೂರಿನಿಂದ 70 ಕಿ.ಮೀ., ಮಂಗಳೂರು ಹೆದ್ದಾರಿಯ ಊರು, ಈಗ ರೈಲೂ ಇದೆ. ಗುತ್ತಿಗೆ 2022ರಲ್ಲಿ ಮುಗಿಯಿತು. ಆ ಬಳಿಕ ಇಲ್ಲಿ ಟೌನ್‌ಷಿಪ್ ಕಟ್ಟುವ ಪ್ರಸ್ತಾವ ಬಂತು, ಬೆಂಗಳೂರಿನ ನಡುವಿನ ರೇಸ್ ಕೋರ್ಸನ್ನು ಇಲ್ಲಿಗೆ ಸಾಗಿಸುವ ಮಾತೂ ಬಂತು. ಟೌನ್‌ಷಿಪ್ ಯೋಚನೆಗೆ ಕುಣಿಗಲಿನಲ್ಲಿ ವಿರೋಧ ವ್ಯಕ್ತವಾಯಿತು. ಪರ ಮಾತನಾಡುವವರ ವಾದವೂ ತಳ್ಳಿಹಾಕುವಂಥದ್ದಲ್ಲ. ಶ್ರೀಮಂತರ ರೇಸಿಗಾಗಿ ಸರ್ಕಾರಿ ಭೂಮಿಯಲ್ಲಿ ಕುದುರೆ ಮೇಯಿಸುವುದು ಯಾವ ನ್ಯಾಯ, ಊರು ಬೆಳೆಯಲು ಜಾಗ ಬೇಡವೇ ಎಂದು ಅವರು ಕೇಳುತ್ತಾರೆ. ಕುದುರೆ ಸಾಕಣೆಯ ಚರಿತ್ರೆಯ ಉದ್ದಕ್ಕೂ ಹುಲ್ಲು ಹೆರೆದವರಿಗೆ, ಹುರುಳಿ ಬೆಳೆದವರಿಗೆ ಸಿಕ್ಕಿದ್ದೇನು ಎಂದು ನೋಡಿದರೆ ಆ ಪ್ರಶ್ನೆಗೆ ಬಲ ಬರುತ್ತದೆ.

ಆದರೆ ‘ಖಾಲಿ ಬಿದ್ದಿರುವ ಜಾಗ’ ಎಂಬ ಮಾತು ಮಾತ್ರ ಸರಿಯಲ್ಲ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಲ್ಲುವ ಕುದುರೆ ಮರಿಗೆ ಮೊದಲ ವರ್ಷ ಬೇಕಾದದ್ದು ತಾಯಿಯ ಹಾಲು ಮತ್ತು ಓಡಲು ಬಯಲು. ಲಾಯದಲ್ಲೇ ಕಟ್ಟಿ ಬೆಳೆಸಿದರೆ ಮಾರ್ಕೊ ಪೋಲೊ ಕಂಡ ಸೊಟ್ಟ ಕಾಲಿನ ಕುದುರೆಯೇ ಆದೀತು. ಹುಲ್ಲುಗಾವಲನ್ನು ಸರದಿಯ ಮೇಲೆ ಬಿಡಬೇಕು. ಮೇದ ಜಾಗಕ್ಕೆ ಬಿಡುವು ಕೊಡದಿದ್ದರೆ ಹೊಟ್ಟೆಯ ಹುಳುಗಳು ಹೆಚ್ಚುತ್ತವೆ. ಖಾಲಿಯಾಗಿ ಕಾಣುವ ಬಯಲು ಹೀಗೆ ಬಿಡುವಿನಲ್ಲಿರುವ ಬಯಲು. ನಮ್ಮ ರೈತರು ಹೊಲವನ್ನು ಬೀಡು ಬಿಡುವ ಹಾಗೆಯೇ ಇದು. ಜೊತೆಗೆ ಕುದುರೆಯ ಆರೈಕೆ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹೆರಿಗೆಯ ರಾತ್ರಿ ಹೆಣ್ಣು ಕುದುರೆಯ ಬೆವರು ನೋಡಿಯೇ ಹೊತ್ತು ಹೇಳುವ ಆಳು ಒಂದೆರಡು ವರ್ಷದಲ್ಲಿ ತಯಾರಾಗುವುದಿಲ್ಲ. ಕುದುರೆಗಳನ್ನು ಬೇರೆಡೆಗೆ ಸಾಗಿಸಬಹುದು. ಅವರನ್ನು?

ಇಷ್ಟಕ್ಕೂ ಕುದುರೆ ಸಾಕುವವನ ಕ್ಯಾಲೆಂಡರ್ ಬಹಳ ಉದ್ದದ್ದು. ಹೆಣ್ಣು ಕುದುರೆಯ ಗರ್ಭಧಾರಣೆಯ ಅವಧಿ 11 ತಿಂಗಳು. ಹುಟ್ಟಿದ ಮರಿಗೆ ಲಗಾಮು ಹಾಕಿ ಸವಾರಿ ಕಲಿಸುವುದು ಒಂದೂವರೆ ಎರಡು ವರ್ಷದ ಹೊತ್ತಿಗೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಫೆಬ್ರುವರಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳದು. ಲೆಕ್ಕ ಹಾಕಿದರೆ, ಕುಣಿಗಲಿನಂಥ ಜಾಗದಲ್ಲಿ ಈ ಬೇಸಿಗೆ ಯಾವ ಹೆಣ್ಣಿಗೆ ಯಾವ ಗಂಡು ಎಂದು ತೀರ್ಮಾನಿಸಿದರೆ ಅದರ ಫಲ ಓಟದ ಕಣಕ್ಕೆ ಇಳಿದು ಡರ್ಬಿ ಓಡುವುದು ಸುಮಾರು ಐದು ವರ್ಷಗಳ ಮೇಲೆ. ಹೆಣ್ಣು ಕುದುರೆಗಳನ್ನು ಗಂಡಿಗೆ ಬಿಡುವ ಕಾಲ ವರ್ಷಕ್ಕೊಂದೇ ಸಲ. ಫೆಬ್ರುವರಿ ಬಂತೆಂದರೆ ಆ ವರ್ಷದ ತೀರ್ಮಾನ ಆಗಲೇಬೇಕು.